ಮರಗಸಿಗೆ ನಿಮ್ಮದೇ ಗ್ಯಾಂಗ್ ಕಟ್ಟುವುದು ಹೇಗೆ

ಮೇಸ್ತ್ರಿ ಕೈಕೆಳಗೆ ನಾಲ್ಕಾರು ವರ್ಷ ಮರ ಹತ್ತಿ, ಇನ್ನು ಸ್ವಂತವಾಗಿ ಮರಗಸಿ (ಕಾಫಿ ತೋಟದ ನೆರಳುಮರಗಳ ಕೊಂಬೆ ಸವರುವ ಕೆಲಸ) ಗುತ್ತಿಗೆ ಹಿಡಿಯೋಣ ಅಂತ ಹೊರಟ ಹುಡುಗರು ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆ ವರ್ಷವೂ ಸಿಗುತ್ತಾರೆ. ಅವರು ಮೊದಲು ಕೇಳುವುದು ಮೆಷಿನ್ ಬಗ್ಗೆ. ಯಾವ ಚೈನ್‌ಸಾ ಒಳ್ಳೆಯದು, ಹೊಸದು ತಗೊಳ್ಳೋದಾ, ಹಳೇದು ಸಾಕಾ. ಅದನ್ನೆಲ್ಲ ಆಮೇಲೆ ನೋಡಬಹುದು. ನಾನು ತಿರುಗಿ ಕೇಳುವುದು ಒಂದೇ: ನೀವು ಮೇಲಿರುವಾಗ ಕೆಳಗೆ ಹಗ್ಗ ಹಿಡಿಯುವವನು ಯಾರು?

ಉತ್ತರವಾಗಿ ಒಂದು ಹೆಸರು ತಕ್ಷಣ ಬಾಯಿಗೆ ಬಂದರೆ ಕೆಲಸ ಶುರು ಮಾಡಬಹುದು. ಬರದಿದ್ದರೆ ಇನ್ನೊಂದು ವರ್ಷ ಮೇಸ್ತ್ರಿ ಜೊತೆಗೇ ಇರಿ, ಆ ಜನವನ್ನು ಹುಡುಕಿಕೊಳ್ಳಿ.

ಗ್ಯಾಂಗಿಗೆ ನಾಲ್ಕು ಜನ ಸಾಕು. ಇಬ್ಬರು ಹತ್ತುವವರು, ಇಬ್ಬರು ಕೆಳಗಿನವರು. ಮೂರು ಜನರಲ್ಲೂ ಮಾಡಬಹುದು, ಆದರೆ ಒಬ್ಬನಿಗೆ ಜ್ವರ ಬಂದ ದಿನ ಉಳಿದಿಬ್ಬರು ಆಸೆಗೆ ಬಿದ್ದು ಹೋಗುತ್ತಾರೆ. ಅವಘಡ ಆಗುವುದು ಅಂಥ ದಿನವೇ. ಹತ್ತುವವರು ಸುಲಭವಾಗಿ ಸಿಗುತ್ತಾರೆ. ವಯಸ್ಸಿದೆ, ಧೈರ್ಯ ಇದೆ. ಕೆಳಗಿನವನನ್ನು ಆರಿಸುವುದೇ ಕಷ್ಟ. ಅವನು ಮೇಲೆ ನೋಡುತ್ತಲೇ ಇರಬೇಕು, ಫೋನ್ ನೋಡಬಾರದು. ಮಾತು ಕಮ್ಮಿ ಇರಬೇಕು. ಮುಖ್ಯವಾಗಿ, "ಬೇಡ, ಇಳಿ" ಅಂತ ಹೇಳುವ ಗಟ್ಟಿತನ ಇರಬೇಕು. ಹಾಗೆ ಹೇಳಿದಾಗ ಮೇಲಿನವನು ಯಾಕೆ ಏನು ಅಂತ ಕೇಳದೆ ಇಳಿಯಬೇಕು. ವಾದ ಇದ್ದರೆ ನೆಲದ ಮೇಲೆ ಮಾಡಿಕೊಳ್ಳಿ. ರಾತ್ರಿ ಕುಡಿದವನು ಬೆಳಿಗ್ಗೆ ಎಷ್ಟೇ ಸರಿಯಾಗಿ ನಿಂತಿದ್ದರೂ ಆ ದಿನ ಮರಕ್ಕೂ ಬೇಡ, ಹಗ್ಗಕ್ಕೂ ಬೇಡ. ಸೊಪ್ಪು ಎಳೆಯಲಿ. ಅವನ ಪಾಲು ಕಡಿಯಬೇಡಿ, ಕಡಿದರೆ ಮುಂದಿನ ಸಲ ನಿಜ ಹೇಳುವುದಿಲ್ಲ.

ಪಾಲಿನ ವಿಷಯ ಮೊದಲೇ ಮಾತಾಡಿ. ಹತ್ತುವವನಿಗೆ ಜಾಸ್ತಿ, ಕೆಳಗಿನವನಿಗೆ ಕಮ್ಮಿ ಅನ್ನುವುದು ನಮ್ಮ ಕಡೆ ಹಳೇ ಪದ್ಧತಿ. ನನಗೆ ಅದು ಒಪ್ಪಿಗೆ ಇಲ್ಲ. ಕೆಳಗಿನವನಿಗೆ ಕಮ್ಮಿ ಕೊಟ್ಟರೆ ಒಳ್ಳೆಯವರು ಯಾರೂ ಕೆಳಗೆ ನಿಲ್ಲುವುದಿಲ್ಲ, ಎಲ್ಲರಿಗೂ ಮರವೇ ಬೇಕಾಗುತ್ತದೆ. ಬಂದ ಹಣದಲ್ಲಿ ಮೊದಲು ಪೆಟ್ರೋಲ್, ಆಯಿಲ್, ಜೀಪಿನ ಬಾಡಿಗೆ ತೆಗೆಯಿರಿ. ಮೆಷಿನ್ ಒಬ್ಬನದೇ ಆದರೆ ಅದಕ್ಕೊಂದು ಸಣ್ಣ ಪಾಲು ಇಡಿ. ಉಳಿದದ್ದು ನಾಲ್ವರಿಗೂ ಸಮ. ಬಟವಾಡೆಯನ್ನು ವಾರಕ್ಕೊಮ್ಮೆ, ಸಂತೆಯ ಹಿಂದಿನ ದಿನ, ಎಲ್ಲರೂ ಎದುರು ಕೂತು ಮಾಡಿ. ಲೆಕ್ಕದ ಪುಸ್ತಕ ಹಣ ಇಟ್ಟುಕೊಳ್ಳುವವನ ಕೈಲಿ ಇರಬಾರದು, ಇನ್ನೊಬ್ಬನ ಕೈಲಿರಲಿ. ಎಷ್ಟೋ ಒಳ್ಳೆಯ ಗ್ಯಾಂಗುಗಳು ಒಡೆದದ್ದು ಮರದಿಂದಲ್ಲ, ಬಾಯಿಲೆಕ್ಕದಿಂದ.

ಇನ್ನು ತೋಟ ನೋಡುವುದು. ಫೋನಿನಲ್ಲಿ ರೇಟ್ ಹೇಳಬೇಡಿ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಅಥವಾ ತೋಟದ ಮಾಲೀಕರಾದ ಸಾಹುಕಾರರ ಜೊತೆ ತೋಟದಲ್ಲಿ ಒಂದು ಸುತ್ತು ನಡೆಯಿರಿ. ಇಳಿಜಾರು ಎಷ್ಟಿದೆ, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆಯಾ, ಕರೆಂಟ್ ಲೈನ್ ಎಲ್ಲಿಂದ ಎಲ್ಲಿಗೆ ಹೋಗಿದೆ, ನೋಡಿಕೊಳ್ಳಿ. ತಲೆ ಎತ್ತಿ ಒಣಕೊಂಬೆ ಹುಡುಕಿ. ಗೋಣಿ, ಬಸರಿ ಥರದ ದೊಡ್ಡ ಮರಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅದಿದ್ದರೆ ಆ ಮರವನ್ನೂ ಸುತ್ತಲಿನ ಮರಗಳನ್ನೂ ಲೆಕ್ಕದಿಂದ ಬಿಟ್ಟುಬಿಡಿ. ಚಗಳಿ (ಕಚ್ಚುವ ಕೆಂಪಿರುವೆ) ಇರುವ ಮರಕ್ಕೆ ಬೆಳಿಗ್ಗೆ ಬೇಗ ಹತ್ತಬಹುದು, ಬಿಸಿಲೇರಿದ ಮೇಲೆ ಕಷ್ಟ. ಆನೆ ಓಡಾಡುವ ಜಾಗವಾದರೆ ದಿನಾ ಬೆಳಿಗ್ಗೆ ತೋಟಕ್ಕೆ ಇಳಿಯುವ ಮೊದಲು ಆನೆ ಎಲ್ಲಿದೆ ಅಂತ ತಿಳಿಸುವ ವಾಟ್ಸಾಪ್ ಗ್ರೂಪ್ ನೋಡಿ, ರೈಟರಿಗೂ ಒಂದು ಫೋನ್ ಮಾಡಿ.

ದಿನಗೂಲಿಗೆ ಹೋಗುವುದೋ, ಮರಕ್ಕಿಷ್ಟು ಅಂತ ಹಿಡಿಯುವುದೋ? ಸಿಲ್ವರ್ ಓಕ್ ಸಾಲಾಗಿ ನಿಂತಿರುವ ತೋಟಕ್ಕೆ ಮರದ ಲೆಕ್ಕ ಸರಿ. ಕಾಡುಮರ ಜಾಸ್ತಿ ಇರುವ ಹಳೇ ತೋಟಕ್ಕೆ ದಿನದ ಲೆಕ್ಕವೇ ಒಳ್ಳೆಯದು. ಅಲ್ಲಿ ಒಂದೇ ಅತ್ತಿಮರ ಅರ್ಧ ದಿನ ತಿನ್ನುತ್ತದೆ. ಮರದ ಲೆಕ್ಕದಲ್ಲಿ ಹೋದರೆ ಅವಸರ ಮಾಡುತ್ತೀರಿ. ಸೌದೆ ಯಾರಿಗೆ, ಸೊಪ್ಪು ಕಡಿದು ಗಿಡದ ಬುಡಕ್ಕೆ ಹರಡುವವರು ಯಾರು, ಗಿಡ ಮುರಿದರೆ ಏನು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಒಂದು ತೋಟದಲ್ಲಿ ನಮ್ಮ ಕೆಲಸ ಎಲ್ಲ ಮುಗಿದ ಮೇಲೆ "ಸೊಪ್ಪು ಎಳೆಯೋದೂ ಅದರಲ್ಲೇ ಸೇರಿತ್ತಲ್ಲಪ್ಪ" ಅಂದರು. ಅವರನ್ನೇನು ದೂರುವುದು, ಕಾಗದ ಇರಲಿಲ್ಲ.

ಕೊಂಬೆ ಸವರುವುದು ಬೇರೆ, ಮರವನ್ನೇ ಕಡಿಯುವುದು ಬೇರೆ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಬೀಟೆ, ಹೊನ್ನೆ, ನಂದಿಯ ಬುಡಕ್ಕೆ ಮೆಷಿನ್ ಇಡಲು ಹೇಳಿದರೆ ಅರಣ್ಯ ಇಲಾಖೆಯ ಅನುಮತಿ ಪತ್ರ ನಿಮ್ಮ ಕಣ್ಣಿಂದ ನೋಡಿ. "ಬರುತ್ತೆ, ನೀನು ಶುರು ಮಾಡು" ಅಂದರೆ ಕತ್ತಿ ಸೊಂಟಕ್ಕೆ ಸಿಕ್ಕಿಸಿ ಮನೆಗೆ ಬನ್ನಿ.

ಕಾಲ ತಿಳಿದಿರಬೇಕು. ಕಾಫಿ ಕೊಯ್ಲು ಮುಗಿದು, ಮೆಣಸು ಇಳಿಸಿ, ಹೂಮಳೆ ಆದ ಮೇಲೆ ಮರಗಸಿ ಜೋರಾಗುತ್ತದೆ. ಮಳೆಗಾಲ ಹಿಡಿಯುವುದರೊಳಗೆ ಮುಗಿಯಬೇಕು. ತೋಟದೊಳಗೆ ಗಾಳಿ ಬೆಳಕು ಆಡದಿದ್ದರೆ ಜುಲೈ-ಆಗಸ್ಟ್ ಹೊತ್ತಿಗೆ ಕೊಳೆರೋಗ ಬರುತ್ತದೆ. ಮೆಣಸಿನ ಬಳ್ಳಿಗೂ ಮಳೆ ಶುರುವಾದಾಗ ಬೆಳಕು ಬೇಕು, ಆಗಲೇ ಅದು ಗೆರೆ (ಹೂಗೊಂಚಲು) ಬಿಡುವುದು. ಹಾಗಂತ ಬೋಳು ಮಾಡಬೇಡಿ. ರೊಬಸ್ಟಾ ಕಾಫಿ ಬಿಸಿಲು ತಾಳಿಕೊಳ್ಳುತ್ತದೆ, ಅರೇಬಿಕಾಕ್ಕೆ ನೆರಳು ಬೇಕು. ಅರೇಬಿಕಾ ಗಿಡದ ಕಾಂಡಕ್ಕೆ ಬಿಸಿಲು ಬಿದ್ದರೆ ಬಿಳಿ ಕಾಂಡಕೊರಕ ಹುಡುಕಿಕೊಂಡು ಬರುತ್ತದೆ. ಏಪ್ರಿಲ್-ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್, ಅದು ಹಾರಾಡಿ ಮೊಟ್ಟೆ ಇಡುವ ಕಾಲ. ಅದಕ್ಕೇ ಅರೇಬಿಕಾ ತೋಟದಲ್ಲಿ ಹಾಲುವಾಣದ ನೆರಳುಮರವನ್ನು ಮಾತ್ರ ಮಳೆಗಾಲ ಹಿಡಿಯುವವರೆಗೂ ಮುಟ್ಟಬೇಡಿ. ಪಡುವಣ ಬಿಸಿಲು ತಡೆಯುವ ಕೊಂಬೆಗಳನ್ನು ಆದಷ್ಟು ಉಳಿಸಿ. ಸಾಹುಕಾರರು "ಎಲ್ಲಾ ತೆಗೆದುಬಿಡು" ಅಂದರೂ ಒಂದು ಮಾತು ಹೇಳಿ. ಹೇಳಿದ್ದು ಅವರಿಗೆ ನೆನಪಿರುತ್ತದೆ.

ಈಗ ಕೊಂಬೆ ಇಳಿಸುವುದು. ಇದನ್ನು ನಿಧಾನವಾಗಿ ಓದಿ.

ಕಾಫಿ ಗಿಡಗಳ ಮೇಲೆ ಚಾಚಿದ, ತೊಡೆ ಗಾತ್ರದ ಅತ್ತಿ ಕೊಂಬೆ ಅಂತಿಟ್ಟುಕೊಳ್ಳಿ. ಮೊದಲು ನಿಮ್ಮನ್ನು ಕಟ್ಟಿಕೊಳ್ಳಿ. ಬರೀ ಸೊಂಟದ ಬೆಲ್ಟ್ ಬೇಡ, ಜೋತುಬಿದ್ದಾಗ ಬೆನ್ನು ಮುರಿಯುತ್ತದೆ. ತೊಡೆ, ಹೆಗಲು ಎರಡಕ್ಕೂ ಬರುವ ಫುಲ್ ಬಾಡಿ ಬೆಲ್ಟ್ ಹಾಕಿ. ನಿಮ್ಮ ಹಗ್ಗ ತಲೆಗಿಂತ ಮೇಲಿನ ಹಸಿ ಕೊಂಬೆಗೆ ಇರಲಿ, ಕಡಿಯುವ ಕೊಂಬೆಗಲ್ಲ. ಇನ್ನೊಂದು ಹಗ್ಗವನ್ನು ಮೇಲಿನ ಗಟ್ಟಿ ಕವಲಿನ ಮೂಲಕ ಹಾಯಿಸಿ, ಕಡಿಯುವ ಕೊಂಬೆಯ ನಡುವಿಗಿಂತ ಸ್ವಲ್ಪ ಆಚೆ ಬಿಗಿಯಿರಿ. ಅದರ ಇನ್ನೊಂದು ತುದಿ ಕೆಳಗಿನವನ ಹತ್ತಿರ. ಅವನು ಅದನ್ನು ಕೈಯಲ್ಲಿ ಸುಮ್ನೆ ಹಿಡಿಯುವುದಲ್ಲ, ಮರದ ಬುಡಕ್ಕೆ ಎರಡು ಮೂರು ಸುತ್ತು ಹಾಕಿ ಪಕ್ಕಕ್ಕೆ ನಿಲ್ಲಬೇಕು. ಕೈಗೆ ಮಾತ್ರ ಯಾವತ್ತೂ ಸುತ್ತಿಕೊಳ್ಳಬಾರದು.

ಮೊದಲ ಗಾಯ ಕೊಂಬೆಯ ಅಡಿಯಿಂದ, ಕಾಂಡದಿಂದ ಒಂದು ಮೊಳ ಆಚೆ. ಗರಗಸ ಗಾಯದೊಳಗೆ ಸಿಕ್ಕಿಕೊಳ್ಳುವುದಕ್ಕೆ ಶುರುವಾದ ಕೂಡಲೇ ನಿಲ್ಲಿಸಿ. ಈ ಅಡಿಗಾಯ ಇಲ್ಲದಿದ್ದರೆ ಕೊಂಬೆ ಮುರಿಯುವಾಗ ಕಾಂಡದ ತೊಗಟೆಯನ್ನು ಸೀಳಿಕೊಂಡು ಹೋಗುತ್ತದೆ, ಜೊತೆಗೆ ಮೆಣಸಿನ ಬಳ್ಳಿಯನ್ನೂ. ಆಮೇಲೆ ಅದಕ್ಕಿಂತ ನಾಲ್ಕು ಬೆರಳು ಆಚೆ ಮೇಲಿನಿಂದ ಕೊಯ್ಯಿರಿ. ಅರ್ಧ ಬಂದಾಗ ನಿಲ್ಲಿಸಿ ಕೂಗಿ.

"ಅಣ್ಣಾ, ಬಿಡ್ಲಾ?"

"ತಡಿ... ಹ್ಞಾಂ, ಬಿಡು!"

ಆ "ಬಿಡು" ಕಿವಿಗೆ ಬೀಳದೆ ಕೊನೆಯ ಕೊಯ್ತ ಕೊಯ್ಯಬೇಡಿ. ಕೊಂಬೆ ಕಳಚಿ ಒಂದು ಸಲ ತೂಗುತ್ತದೆ. ತೂಗಾಟ ನಿಲ್ಲುವವರೆಗೆ ಕೆಳಗಿನವನು ತಡೆದು, ಆಮೇಲೆ ಎರಡು ಗಿಡಗಳ ನಡುವಿನ ಜಾಗಕ್ಕೆ ಮೆಲ್ಲಗೆ ಇಳಿಸುತ್ತಾನೆ. ಹಗ್ಗ ಸರಸರ ಓಡಿದರೆ ಪ್ಲಾಸ್ಟಿಕ್ ಹಗ್ಗ ಉಜ್ಜಿದ ಕಡೆ ಕರಗುತ್ತದೆ, ಹಾಗೆ ಕರಗಿ ಗಟ್ಟಿಯಾದ ಹಗ್ಗವನ್ನು ಮತ್ತೆ ಬಳಸಬೇಡಿ. ಕೊನೆಗೆ ಉಳಿದ ಮೋಟನ್ನು ತೆಗೆಯಿರಿ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯಂತೆ ಉಬ್ಬಿರುತ್ತದಲ್ಲ, ಅದರ ಹೊರಗೆ ಕೊಯ್ಯಿರಿ. ಆ ಉಬ್ಬು ಉಳಿದರೆ ಗಾಯ ಮುಚ್ಚುತ್ತದೆ. ದೊಡ್ಡ ಗಾಯಕ್ಕೆ ಬೋರ್ಡೋ ಪೇಸ್ಟ್ ಹಚ್ಚಿ ಇಳಿಯಿರಿ. ಸಿಲ್ವರ್ ಓಕ್ ಕೊಂಬೆ ಪೆಡಸು, ಹೇಳದೆ ಕೇಳದೆ ಮುರಿಯುತ್ತದೆ. ಅದರ ಮೇಲೆ ಪೂರ್ತಿ ಭಾರ ಬಿಡಬೇಡಿ. ಮೆಷಿನ್ ಆದಷ್ಟು ನೆಲದಲ್ಲೇ ಇರಲಿ, ಮೇಲೆ ಕೈಗರಗಸ, ಕತ್ತಿ ಸಾಕು.

ಮರದಿಂದ ಬೀಳುವುದಕ್ಕಿಂತ ನಾನು ಹೆದರುವುದು ಏಣಿಗೆ. ಅಲ್ಯೂಮಿನಿಯಂ ಏಣಿ ಹಗುರ, ಉದ್ದ, ಮೆಣಸು ಕೊಯ್ಯುವುದಕ್ಕೂ ಮರಗಸಿಗೂ ಎಲ್ಲರೂ ಅದನ್ನೇ ತಂದರು. ಆಮೇಲೆ ಕಾಫಿ ಸೀಮೆಯಲ್ಲಿ ಎಷ್ಟು ಮನೆಗಳಲ್ಲಿ ದೀಪ ಆರಿತು ಅನ್ನುವುದು ಪೇಪರ್ ಓದುವವರಿಗೆಲ್ಲ ಗೊತ್ತು. ಒಂದು ಮರದಿಂದ ಇನ್ನೊಂದು ಮರಕ್ಕೆ ಏಣಿಯನ್ನು ನಿಲ್ಲಿಸಿಕೊಂಡೇ ಹೊತ್ತು ನಡೆಯುತ್ತಾರೆ. ಕಣ್ಣು ಕಾಲಿನ ಮೇಲೆ, ಏಣಿಯ ತುದಿ ಸಿಲ್ವರ್ ಓಕ್ ಎಲೆಯೊಳಗೆ. ಅಲ್ಲೇ ಹನ್ನೊಂದು ಕೆವಿ ತಂತಿ. ಏಣಿ ಹಿಡಿದಿದ್ದ ಇಬ್ಬರೂ ಹೋಗುತ್ತಾರೆ. ಪ್ರತಿ ಸಲ ಏಣಿಯನ್ನು ಪೂರ್ತಿ ಮಲಗಿಸಿ, ಇಬ್ಬರು ಹೊತ್ತು ಸಾಗಿಸಿ. ಫೈಬರ್ ಏಣಿಗೆ ಜಾಸ್ತಿ ದುಡ್ಡು, ಆದರೂ ಗ್ಯಾಂಗಿನ ಮೊದಲ ಖರ್ಚು ಅದೇ ಆಗಲಿ. ಒದ್ದೆ ಬಿದಿರಲ್ಲೂ ಕರೆಂಟ್ ಹರಿಯುತ್ತದೆ, ಬಿದಿರು ಅಂತ ಧೈರ್ಯ ಬೇಡ. ತಂತಿ ಪಕ್ಕದ ಮರವಾದರೆ ಲೈನ್‌ಮನ್ ಬಂದು ಎಲ್‌ಸಿ (ಲೈನ್ ಕ್ಲಿಯರ್) ತಗೊಂಡು ಲೈನ್ ಆಫ್ ಮಾಡಿಸಿದ ಮೇಲೇ ಕೆಲಸ. "ಈಗ ಕರೆಂಟ್ ಹೋಗಿದೆ" ಅನ್ನುವುದು ಲೆಕ್ಕಕ್ಕಿಲ್ಲ, ಅದು ಯಾವಾಗ ಬರುತ್ತೆ ಅಂತ ಯಾರಿಗೆ ಗೊತ್ತು? ಯಾರಾದರೂ ತಂತಿಗೆ ಸಿಕ್ಕಿಬಿದ್ದರೆ ಓಡಿಹೋಗಿ ಮುಟ್ಟಬೇಡಿ. ದೂರ ನಿಂತು ಲೈನ್‌ಮನ್‌ಗೆ, ಇಲ್ಲವೇ 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸಿ.

ಬಿದ್ದವನನ್ನು ಕಂಕುಳಿಗೆ ಕೈಹಾಕಿ ಎತ್ತಿ ಜೀಪಿಗೆ ತುಂಬುವುದು ನಮ್ಮಲ್ಲಿ ರೂಢಿ. ಮಾಡಬೇಡಿ. ಕೂರಿಸಬೇಡಿ, ನೀರು ಕುಡಿಸಬೇಡಿ. ಕತ್ತು, ಬೆನ್ನು ಅಲುಗದಂತೆ ಹಲಗೆ ಮೇಲೆ ಮಲಗಿಸಿ ಸಾಗಿಸಬೇಕು. 108ಕ್ಕೆ ಫೋನ್ ಮಾಡಲು ಸಿಗ್ನಲ್ ತೋಟದ ಯಾವ ಮೂಲೆಯಲ್ಲಿ ಸಿಗುತ್ತದೆ ಅನ್ನುವುದನ್ನು ಮೊದಲ ದಿನವೇ ನೋಡಿಟ್ಟುಕೊಳ್ಳಿ.

ನಮಗೆ ಪಿಎಫ್ ಇಲ್ಲ, ರಜೆ ಸಂಬಳ ಇಲ್ಲ. ಇ-ಶ್ರಮ್ ಕಾರ್ಡ್ ಮಾಡಿಸಿ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾಗೆ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಹೋಗುತ್ತದೆ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಮೇ ಕೊನೆಯಲ್ಲಿ ಖಾತೆಯಲ್ಲಿ ಹಣ ಇಲ್ಲದಿದ್ದರೆ ವಿಮೆ ಮುಂದುವರಿಯುವುದಿಲ್ಲ. ಅದು ಮರಗಸಿ ಜೋರಾಗಿರುವ ಹೊತ್ತು, ಅದಕ್ಕೇ ನಾಲ್ವರ ಪಾಸ್‌ಬುಕ್ಕೂ ಒಟ್ಟಿಗೆ ನೋಡಿ.

ಆದರೆ ನಿಜವಾಗಿ ಕೈಹಿಡಿಯುವುದು ಪಕ್ಕದ ಗ್ಯಾಂಗು. ಅವರನ್ನು ಪೈಪೋಟಿ ಅಂತ ನೋಡಬೇಡಿ. ದೊಡ್ಡ ಮರ ಬಂದಾಗ ಅವರಿಂದ ಇಬ್ಬರನ್ನು ಮುಯ್ಯಾಳಾಗಿ ಕರೆಯಿರಿ, ಅವರು ಕರೆದ ದಿನ ನಿಮ್ಮ ಕೆಲಸ ಬಿಟ್ಟಾದರೂ ಹೋಗಿ. ಸೀಸನ್ನಿಗೆ ಮೊದಲು ಎಲ್ಲ ಗ್ಯಾಂಗಿನವರೂ ಕೂತು ರೇಟ್ ಮಾತಾಡಿಕೊಳ್ಳಿ, ಅದಕ್ಕಿಂತ ಕೆಳಗೆ ಯಾರೂ ಹೋಗಬಾರದು. ಹಣ ಸತಾಯಿಸುವ ತೋಟ ಯಾವುದು ಅಂತಲೂ ಗೊತ್ತಾಗುತ್ತದೆ. ನಮ್ಮ ಕಡೆ ಒಂದು ಗ್ಯಾಂಗಿನ ಹುಡುಗ ಬಿದ್ದು ಸೊಂಟ ಮುರಿದುಕೊಂಡಾಗ ಅವನು ಹಿಡಿದಿದ್ದ ಗುತ್ತಿಗೆಯನ್ನು ಉಳಿದವರು ಸರದಿಯಲ್ಲಿ ಮುಗಿಸಿದರು. ಹಣ ಅವನ ಮನೆಗೆ ಹೋಯಿತು. ಯಾರೂ ಅದನ್ನು ಸಹಾಯ ಅನ್ನಲಿಲ್ಲ, ಮುಯ್ಯಿ ಅಂದರು. ಈಗ ಅವನು ಹತ್ತುವುದಿಲ್ಲ, ಹಗ್ಗ ಹಿಡಿಯುತ್ತಾನೆ. ಅವನಷ್ಟು ಎಚ್ಚರದ ಕೆಳಗಿನವನನ್ನು ನಾನು ನೋಡಿಲ್ಲ.

ಬುತ್ತಿ ಒಟ್ಟಿಗೆ ಬಿಚ್ಚಿ. ಅಕ್ಕಿರೊಟ್ಟಿ, ಚಟ್ನಿ, ಬೆಲ್ಲದ ಕಾಫಿ, ಅರ್ಧ ಗಂಟೆ ಪೂರ್ತಿ. ಬೆಳಗಿನ ಕೆಲಸದಲ್ಲಿ ಯಾವುದು ಎಡವಟ್ಟಾಯಿತು ಅಂತ ಮಾತಾಡುವುದಕ್ಕೆ ಅದೇ ಸರಿಯಾದ ಹೊತ್ತು. ಹೊಟ್ಟೆ ತುಂಬಿದ ಮೇಲೆ ಹೇಳಿದರೆ ಯಾರಿಗೂ ಸಿಟ್ಟು ಬರುವುದಿಲ್ಲ.

ಜೂನ್‌ನಲ್ಲಿ ತೊಗಟೆ ಮೇಲೆ ಪಾಚಿ ಕಟ್ಟಿದರೆ ಹತ್ತುವುದು ನಿಲ್ಲಿಸಿ. ಹಗ್ಗಗಳನ್ನು ನೆರಳಲ್ಲಿ ಒಣಗಿಸಿ, ಮೊಳ ಮೊಳ ಕೈಯಾಡಿಸಿ ನೋಡಿ, ಎಳೆ ಕಿತ್ತಿದ್ದನ್ನು ಕತ್ತರಿಸಿ ಬಿಸಾಡಿ. ಮಳೆ ಬಿಟ್ಟ ಮೇಲೆ ನೀವು ಮರಗಸಿ ಮಾಡಿದ ತೋಟಗಳಿಗೆ ಒಮ್ಮೆ ಹೋಗಿ ಬನ್ನಿ, ನಾಲ್ವರೂ. ಗಾಯ ಮುಚ್ಚಿದೆಯಾ, ಬೆಳಕು ಗಿಡಕ್ಕೆ ಸರಿಯಾಗಿ ಬೀಳುತ್ತಿದೆಯಾ ನೋಡಿ. ಮುಂದಿನ ವರ್ಷದ ಮಾತನ್ನು ಅಲ್ಲೇ ಆಡಿ ಬನ್ನಿ. ಮುಂಗಡವನ್ನು ಮಾತ್ರ ಕಾಫಿ ಮಾರಿ ಅವರ ಕೈಗೆ ಹಣ ಬಂದ ಮೇಲೆ ಕೇಳಿ.