ಊದಿದ ಹೆಬ್ಬೆರಳಿಗೆ ಎಣ್ಣೆ ತಿಕ್ಕಬೇಡಿ ಮಾರಾಯ್ರೆ

ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ ಮುಟ್ಟಿದರೆ ಜೀವ ಹೋಗುವ ಹಾಗೆ ನೋಯುವಾಗ ಅದಕ್ಕೆ ಬಿಸಿ ಎಣ್ಣೆ ಹಾಕಿ ತಿಕ್ಕಬೇಕು ಅಂತ ನಿಮಗೆಲ್ಲ ಯಾರು ಹೇಳಿಕೊಟ್ಟರು? ನಮ್ಮ ಸಂಬಂಧಿಕರ ಹುಡುಗರಲ್ಲೇ ಎಷ್ಟೋ ಜನ ಹೀಗೆ ತಿಕ್ಕಿಸಿಕೊಂಡು, ಮೇಲೆ ಬಿಸಿನೀರಿನ ಶಾಖ ಕೊಟ್ಟು, ನೋವು ಎರಡು ಪಟ್ಟು ಮಾಡಿಕೊಂಡದ್ದನ್ನು ನೋಡಿ ನೋಡಿ ಸಾಕಾಗಿದೆ. ಅದು ಉಳುಕಲ್ಲ. ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿಯಾಗಿ ಕೀಲಿನೊಳಗೆ ಸೂಜಿಯಂಥ ಹರಳು ಕಟ್ಟಿ ಕೆರಳಿದೆ. ಡಾಕ್ಟರು ಗೌಟ್ ಅಂತಾರೆ, ಪಂಡಿತರು ವಾತರಕ್ತ ಅಂತಾರೆ. ಹೆಚ್ಚಾಗಿ ರಾತ್ರಿ ಹೊತ್ತೇ ಶುರುವಾಗುವುದು, ಹೆಬ್ಬೆರಳಲ್ಲೇ ಮೊದಲು. ಪಾದದ ಗಂಟು, ಮೊಣಕಾಲು ಆಮೇಲೆ.

ಆಗ ಬೇಕಾದದ್ದು ತಂಪು. ಐಸನ್ನು ತೆಳ್ಳಗಿನ ಬೈರಾಸಿನಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡಿ, ತೆಗೆಯಿರಿ, ಸ್ವಲ್ಪ ಬಿಟ್ಟು ಮತ್ತೆ ಇಡಿ. ಐಸ್ ನೇರ ಚರ್ಮಕ್ಕೆ ತಾಗಬಾರದು. ಕಾಲನ್ನು ತಲೆದಿಂಬಿನ ಮೇಲೆ ಎತ್ತರಕ್ಕಿಡಿ. ಹೊದಿಕೆ ತಾಗಿದರೂ ಕಿರುಚುವ ಹಾಗೆ ನೋಯುತ್ತದೆ, ಅದಕ್ಕೆ ಒಂದು ಖಾಲಿ ರಟ್ಟಿನ ಪೆಟ್ಟಿಗೆಯ ಒಂದು ಬದಿ ಕತ್ತರಿಸಿ, ಕಾಲ ಮೇಲೆ ಮಗುಚಿ, ಅದರ ಮೇಲೆ ಹೊದಿಕೆ ಹಾಕಿ. ಬೆಳಗಾದ ಕೂಡಲೇ ಡಾಕ್ಟರ ಹತ್ತಿರ ಹೋಗಿ. ಜ್ವರವೂ ಇದ್ದರೆ ಬೆಳಗಿನವರೆಗೆ ಕಾಯುವುದೂ ಬೇಡ, ಕೀಲಿನೊಳಗೆ ಕೀವಾಗಿದ್ದರೆ ಅದು ಬೇರೆಯೇ ಕಥೆ. ಇನ್ನೊಂದು ಮಾತು. ನೋವಿನ ದಿನ ರಕ್ತ ಪರೀಕ್ಷೆ ಮಾಡಿಸಿದರೆ ಯೂರಿಕ್ ಆಸಿಡ್ ಸರಿಯಾಗಿಯೇ ಇದೆ ಅಂತ ಬರುವುದುಂಟು. ಅದನ್ನು ನೋಡಿ ಗೌಟ್ ಅಲ್ಲ ಅಂತ ಕುಣಿಯಬೇಡಿ, ನೋವು ಇಳಿದು ಎರಡು ಮೂರು ವಾರದ ಮೇಲೆ ಇನ್ನೊಮ್ಮೆ ಮಾಡಿಸಿ.

ಊಟದ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ರಿಪೋರ್ಟ್ ಕೈಗೆ ಬಂದದ್ದೇ ತಡ, ತೊಗರಿಬೇಳೆ ಬಿಟ್ಟೆ, ಬಸಳೆ ಬಿಟ್ಟೆ ಅನ್ನುತ್ತಾರೆ. ಬಿಯರ್ ಬಿಟ್ಟಿಯಾ ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ! ಪ್ಯೂರಿನ್ ಅಂದರೆ ಮೈಯೊಳಗೆ ಯೂರಿಕ್ ಆಸಿಡ್ ಆಗಿ ಬದಲಾಗುವ ಅಂಶ. ಬೇಳೆ, ಸೊಪ್ಪುಗಳಲ್ಲಿರುವ ಪ್ಯೂರಿನ್ ಮೀನು ಮಾಂಸದ್ದರ ಹಾಗೆ ಗೌಟ್ ತರುವುದಿಲ್ಲ ಅಂತ ದೊಡ್ಡ ಅಧ್ಯಯನಗಳಲ್ಲೇ ಕಂಡಿದೆ. ಬಸಳೆಗೆ ಮರುವಾಯಿ (ಚಿಪ್ಪುಮೀನು) ಹಾಕಿ ಉಂಡು ಬಸಳೆಯನ್ನು ಬೈದರೆ ಹೇಗೆ? ಮರುವಾಯಿ, ಎಟ್ಟಿ (ಸಿಗಡಿ), ಬೂತಾಯಿ, ಬಂಗುಡೆ, ಕೊಲ್ಲತರು ಮೀನು, ಆಡಿನ ಲಿವರ್, ಬೋಟಿ, ಇವು ಕಡಿಮೆಯಾಗಬೇಕಾದವು. ಲಿವರ್ ಬೋಟಿಯನ್ನು ಬಿಟ್ಟೇ ಬಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲವಲ್ಲ, ಆಗ ಹಸಿ ಮೀನು ಸಿಗಲಿಲ್ಲ ಅಂತ ದಿನಾ ಒಣಮೀನಿನ ಚಟ್ನಿ ಮಾಡುವವರೂ ಇದ್ದಾರೆ. ನೀರು ಹೋಗಿ ಒಣಗಿದ ಮೀನಿನಲ್ಲಿ ಪ್ಯೂರಿನ್ ಇನ್ನೂ ಗಟ್ಟಿಯಾಗಿ ಕೂತಿರುತ್ತದೆ. ಮೀನು ಬೇಕೇ ಬೇಕು ಅಂತಾದರೆ ವಾರಕ್ಕೊಮ್ಮೆ ಒಂದೆರಡು ತುಂಡು ತಿನ್ನಿ, ಗಸಿಯನ್ನು ಅನ್ನದ ಮೇಲೆ ಸುರಿದುಕೊಳ್ಳಬೇಡಿ. ಬೇಯುವಾಗ ಪ್ಯೂರಿನ್ ನೀರಿಗೆ ಇಳಿಯುತ್ತದೆ, ತುಂಡಿಗಿಂತ ಗಸಿಯ ಆಸೆಯೇ ನಮ್ಮವರಿಗೆ ಜಾಸ್ತಿ ಅಲ್ವಾ. ಬಾಟಲಿಯ ಸಿಹಿ ಪಾನೀಯ, ಸಕ್ಕರೆ ಸುರಿದ ಪುನರ್ಪುಳಿ ಶರಬತ್ತು, ಇವೂ ಯೂರಿಕ್ ಆಸಿಡ್ ಏರಿಸುತ್ತವೆ. ಪುನರ್ಪುಳಿ ಬೇಕಿದ್ದರೆ ಬೆಲ್ಲ ಹಾಕದೆ ಸಾರು ಮಾಡಿ.

ಇನ್ನು ನಾನು ಬಲವಾಗಿ ನಂಬಿದ್ದು ನೀರುಮಜ್ಜಿಗೆ. ಕೆನೆ ತೆಗೆದ ಹಾಲು ಮಜ್ಜಿಗೆ ದಿನಾ ಕುಡಿಯುವವರಿಗೆ ಗೌಟ್ ಕಡಿಮೆ. ಯೂರಿಕ್ ಆಸಿಡನ್ನು ಮೂತ್ರದಲ್ಲಿ ಹೊರಗೆ ಹಾಕಲು ಹಾಲಿನ ಪ್ರೊಟೀನು ಸಹಾಯ ಮಾಡುತ್ತದೆ. ಆದರೆ ಈಗಿನವರು ಮಾಡುವುದು ಮಜ್ಜಿಗೆಯೇ ಅಲ್ಲ. ಪ್ಯಾಕೆಟಿನ ಗಟ್ಟಿ ಮೊಸರನ್ನು ಮಿಕ್ಸಿಗೆ ಹಾಕಿ ಗುರ್ರ್ ಅನ್ನಿಸಿ ಉಪ್ಪು ಸುರಿದರೆ ಮಜ್ಜಿಗೆ ಆಯಿತೇ? ಜಿಡ್ಡೆಲ್ಲ ಅದರಲ್ಲೇ ಉಳಿಯಿತು.

ಸರಿಯಾಗಿ ಕೇಳಿ. ಸಂಜೆ ಹಾಲು ಕಾಯಿಸಿ, ಉಕ್ಕಿದ ಮೇಲೆ ಉರಿ ಸಣ್ಣ ಮಾಡಿ ಇನ್ನೂ ಸ್ವಲ್ಪ ಹೊತ್ತು ಬಿಡಿ. ಇಳಿಸಿ ಆರುವಾಗ ಪೂರ್ತಿ ಮುಚ್ಚಬೇಡಿ, ಒಂದು ಜಾಲರಿ ಇಟ್ಟರೆ ಸಾಕು. ಮುಚ್ಚಿದರೆ ಮುಚ್ಚಳದ ಬೆವರು ಹಾಲಿಗೆ ಬಿದ್ದು ಕೆನೆ ಒಡೆಯುತ್ತದೆ. ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಮೇಲೆ ಕೆನೆ ದಪ್ಪಗೆ ಕೂತಿರುತ್ತದೆ. ಅದನ್ನು ನಡುವಿನಿಂದ ಗೋರಬೇಡಿ, ಚಪ್ಪಟೆ ಚಮಚವನ್ನು ಪಾತ್ರೆಯ ಅಂಚಿಗೆ ತಾಗಿಸಿ ಸುತ್ತಲೂ ಬಿಡಿಸುತ್ತಾ ಬನ್ನಿ, ಇಡೀ ಕೆನೆ ಒಂದೇ ತುಂಡಾಗಿ ಎದ್ದು ಬರುತ್ತದೆ. ಹಾಲನ್ನು ಮತ್ತೊಮ್ಮೆ ಕಾಯಿಸಿ ಆರಿಸಿ. ಎರಡನೇ ಸಲವೂ ಒಂದು ತೆಳುವಾದ ಪದರ ಕಟ್ಟುತ್ತದೆ, ಅದನ್ನೂ ತೆಗೆಯಿರಿ. ಸೋಮಾರಿಗಳು ಬಿಡುವುದು ಇದನ್ನೇ. ಸಂಜೆ ಹೊತ್ತಿಗೆ ಹಾಲು ಬೆರಳಿಗೆ ಹಿತವಾಗುವಷ್ಟು ಬೆಚ್ಚಗೆ ಮಾಡಿ ಹೆಪ್ಪು ಹಾಕಿ. ನಮ್ಮ ಕರಾವಳಿ ಸೆಕೆಗೆ ಹೆಪ್ಪು ಸ್ವಲ್ಪವೇ ಸಾಕು, ಜಾಸ್ತಿ ಹಾಕಿದರೆ ಬೆಳಿಗ್ಗೆ ಹುಳಿ ಬಂದು ಬಾಯಿಗಿಡಲಾಗದು. ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬಿಡಿ.

ಮರುದಿನ ಬೆಳಿಗ್ಗೆ ತಂಪಿರುವಾಗಲೇ ಎತ್ತರದ ಪಾತ್ರೆಗೆ ಹಾಕಿ ಕಡಗೋಲಿನಲ್ಲಿ ಕಡೆಯಿರಿ. ಮೊದಲು ಮೊಸರು ಮಾತ್ರ, ಗಂಟೆಲ್ಲ ಒಡೆಯುವವರೆಗೆ. ಆಮೇಲೆ ತಣ್ಣೀರು ಒಂದು ಸೌಟು. ಮತ್ತೆ ಕಡೆಯಿರಿ. ಉಳಿದ ಚೂರುಪಾರು ಬೆಣ್ಣೆ ಸಾಸಿವೆ ಕಾಳಿನಷ್ಟು ದೊಡ್ಡದಾಗಿ ಮೇಲೆ ತೇಲುತ್ತದೆ, ಕೈ ಒದ್ದೆ ಮಾಡಿಕೊಂಡು ಬಳಿದು ತೆಗೆಯಿರಿ. ಆಮೇಲೆ ಧಾರಾಳ ನೀರು. ಲೋಟ ವಾಲಿಸಿದರೆ ಗಾಜಿಗೆ ಬಿಳಿ ಅಂಟಬಾರದು, ಅಷ್ಟು ತೆಳ್ಳಗೆ. ಶುಂಠಿ ಜಜ್ಜಿ, ಗಾಂಧಾರಿ ಮೆಣಸು ಒಂದು, ಕರಿಬೇವನ್ನು ಕೈಯಲ್ಲೇ ಕಿವುಚಿ ಹಾಕಿ. ಉಪ್ಪು ಚಿಟಿಕೆ ಮಾತ್ರ, ಗೌಟ್ ಇದ್ದವರಲ್ಲಿ ಹೆಚ್ಚಿನವರಿಗೆ ಬಿಪಿಯೂ ಇರುತ್ತದೆ.

ನಮ್ಮ ಅತ್ತೆ, ಮಾವನಿಗೆ ಹೀಗೆಯೇ ಮಾಡಿ ಕೊಡುತ್ತಿದ್ದರು. ಮಾವ ಮಲ್ಪೆಯ ಬಂದರಿನಲ್ಲಿ ದುಡಿದವರು, ಮೀನಿಲ್ಲದೆ ಅನ್ನ ಇಳಿಯದ ಮನುಷ್ಯ. ಕಾಲು ಊದಿದ ದಿನ ಮನೆಯ ಮಕ್ಕಳು ಅವರ ಚಾಪೆಯ ಹತ್ತಿರ ಓಡಿದರೂ ನೆಲ ಅದುರಿ ನೋವಾಗುತ್ತದೆ ಅಂತ ಬೈಯುತ್ತಿದ್ದರು. ಅತ್ತೆ ಮಾತಾಡದೆ ತಂಬಿಗೆ ತುಂಬ ಮಜ್ಜಿಗೆ ತಂದು ಪಕ್ಕದಲ್ಲಿಟ್ಟು, ಖಾಲಿಯಾಗುವವರೆಗೆ ಅಲ್ಲಿಂದ ಏಳುತ್ತಿರಲಿಲ್ಲ. ನಾನು ಕಡಗೋಲು ಹಿಡಿಯಲು ಕಲಿತದ್ದು ಅವರ ಪಕ್ಕದಲ್ಲಿ ಕೂತು. ಅಂದ ಹಾಗೆ ಹಾಲಿನ ಪಾತ್ರೆಗೆ ಮೊದಲು ಬಿಸಿನೀರು ಹಾಕುವವರನ್ನು ಕಂಡರೆ ಅತ್ತೆಗೆ ಆಗುತ್ತಿರಲಿಲ್ಲ, ನನಗೂ ಆಗುವುದಿಲ್ಲ. ಬಿಸಿಗೆ ಹಾಲು ತಳಕ್ಕೆ ಇನ್ನೂ ಅಂಟಿಕೊಳ್ಳುತ್ತದೆ. ಮೊದಲು ತಣ್ಣೀರಿನಲ್ಲಿ ನೆನೆಸಿ ತೊಳೆದು, ಆಮೇಲೆ ಬಿಸಿನೀರು. ತೆಗೆದ ಕೆನೆಯಿಂದ ತುಪ್ಪ ಮಾಡಿ, ಮನೆಯ ಮಕ್ಕಳು ತಿನ್ನಲಿ.

ಮಜ್ಜಿಗೆ ಕುಡಿದೆ ಅಂತ ನೀರು ಮರೆಯಬೇಡಿ. ಮಾರ್ಚ್‌ನಿಂದ ಮೇವರೆಗೆ ನಮ್ಮಲ್ಲಿ ಬೆವರು ಸುರಿಯುವ ಪರಿ ಗೊತ್ತಲ್ಲ, ಮೈಯಲ್ಲಿ ನೀರು ಕಡಿಮೆಯಾದರೆ ಹರಳು ಕಟ್ಟಲು ಅಷ್ಟೇ ಸಾಕು. ಮೂತ್ರ ತಿಳಿಯಾಗಿ ಹೋಗುವಷ್ಟು ಕುಡಿಯಿರಿ. ಕಿಡ್ನಿ, ಹೃದಯದ ತೊಂದರೆ ಇದ್ದವರು ಮಾತ್ರ ನೀರಿನ ಲೆಕ್ಕವನ್ನೂ ಮಜ್ಜಿಗೆಯ ಲೆಕ್ಕವನ್ನೂ ಡಾಕ್ಟರ ಹತ್ತಿರ ಕೇಳಿ. ಏಕಾದಶಿಗೆ ನೀರೂ ಮುಟ್ಟದೆ ಕೂರುವುದು, ಮದುವೆಗೆ ಮುಂಚೆ ತೆಳ್ಳಗಾಗಬೇಕು ಅಂತ ಊಟ ಬಿಡುವುದು, ಎರಡೂ ಗೌಟಿಗೆ ಆಗದು. ಉಪವಾಸದಲ್ಲಿ ಯೂರಿಕ್ ಆಸಿಡ್ ಏರುತ್ತದೆ. ತೂಕ ಇಳಿಸಲೇಬೇಕು, ಆದರೆ ನಿಧಾನಕ್ಕೆ.

ಚೆರ್ರಿ ಒಳ್ಳೆಯದಂತೆ ಅಂತ ಒಬ್ಬಳು ಬೇಕರಿಯ ಕೆಂಪು ಚೆರ್ರಿ ಡಬ್ಬಿ ತಂದಿಟ್ಟಿದ್ದಳು. ಅದು ಹೆಚ್ಚಾಗಿ ಕರಂಡೆ ಕಾಯಿ ಮಗಾ, ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಮುಳುಗಿಸಿದ್ದು! ಅದರ ಬದಲು ನೆಲ್ಲಿಕಾಯಿ ತಿನ್ನಿ. ಬಿಂಬುಳಿ ರಸ ಹಿಂಡಿ ಖಾಲಿ ಹೊಟ್ಟೆಗೆ ಲೋಟಗಟ್ಟಲೆ ಕುಡಿಯುವವರಿಗೆ ಕೈ ಮುಗಿದು ಹೇಳುತ್ತೇನೆ, ಬಿಡಿ. ಅದರಲ್ಲಿ ಕಿಡ್ನಿಯಲ್ಲಿ ಹರಳು ಕಟ್ಟುವ ಆಕ್ಸಲೇಟ್ ವಿಪರೀತ, ಹಾಗೆ ಕುಡಿದು ಕಿಡ್ನಿ ನಿಂತುಹೋದವರಿದ್ದಾರೆ. ಸಾಂಬಾರಿಗೆ ಒಂದೆರಡು ಹಾಕಿದರೆ ಅದು ಬೇರೆ. ಮಳೆಗಾಲದಲ್ಲಿ ಬೇಲಿಯ ಮೇಲೆ ಅರಳುವ ಗೌರಿಹೂವಿನ ಗಡ್ಡೆ ಗೌಟಿಗೆ ಮದ್ದು ಅಂತ ಯಾರಾದರೂ ಹೇಳಿದರೆ ಮುಟ್ಟಲೇಬೇಡಿ. ಗೌಟಿಗೆ ಕೊಡುವ ಕೊಲ್ಚಿಸಿನ್ ಅದರಲ್ಲಿ ಇರುವುದು ನಿಜ, ಆದರೆ ಮಾತ್ರೆಯಲ್ಲಿ ಅದು ಅಳತೆಯಲ್ಲಿರುತ್ತದೆ. ಗಡ್ಡೆ ತಿಂದರೆ ಪ್ರಾಣವೇ ಹೋಗುತ್ತದೆ.

ಮಾತ್ರೆ ಕೊಟ್ಟರೆ ನುಂಗಿ. ಯೂರಿಕ್ ಆಸಿಡಿನ ಮೂರನೇ ಎರಡು ಪಾಲನ್ನು ದೇಹವೇ ತಯಾರಿಸುತ್ತದೆ, ಊಟದ ಪಥ್ಯದಿಂದ ಇಳಿಯುವುದು ಸ್ವಲ್ಪವೇ. ಪದೇ ಪದೇ ಬರುವವರಿಗೆ ಡಾಕ್ಟರು ಅಲೋಪ್ಯೂರಿನಾಲ್ ಥರದ ಮಾತ್ರೆ ಬರೆದು ರಕ್ತದ ಯೂರಿಕ್ ಆಸಿಡನ್ನು 6 mg/dLಗಿಂತ ಕೆಳಗೆ ತರಲು ನೋಡುತ್ತಾರೆ. ನೋವು ಹೋಯಿತು ಅಂತ ಆ ಮಾತ್ರೆ ನಿಲ್ಲಿಸುವುದು, ಮತ್ತೆ ನೋವು ಬಂತು ಅಂತ ನಿಲ್ಲಿಸುವುದು, ಎರಡೂ ತಪ್ಪು. ಬಿಪಿಗೆ ಮೂತ್ರ ಹೋಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಚೀಟಿಯನ್ನೂ ಡಾಕ್ಟರಿಗೆ ತೋರಿಸಿ, ಕೆಲವು ಯೂರಿಕ್ ಆಸಿಡ್ ಏರಿಸುತ್ತವೆ, ಬದಲಿಸಬಹುದೇ ಅಂತ ಅವರೇ ನೋಡುತ್ತಾರೆ.