ಸಮಾಜ ಪಾಠದಲ್ಲಿ ಓದಿಸುವುದು, ಬರೆಸುವುದು: ಆರರಿಂದ ಎಂಟನೇ ತರಗತಿಗೆ

'ಚಿತ್ರದುರ್ಗದ ಕೋಟೆಯ ಬಗ್ಗೆ ಬರೆದುಕೊಂಡು ಬನ್ನಿ' ಎಂದರೆ ನಲವತ್ತು ಮಕ್ಕಳಿಂದ ಒಂದೇ ಉತ್ತರ ನಲವತ್ತು ಸಲ ಬರುತ್ತದೆ. ಕೆಲವರದು ಗೈಡಿನಿಂದ, ಕೆಲವರದು ಕಂಪ್ಯೂಟರ್ ಅಂಗಡಿಯ ಪ್ರಿಂಟು, ಉಳಿದವರದು ಪಕ್ಕದವನ ಪುಸ್ತಕದಿಂದ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. 'ಬಗ್ಗೆ' ಎಂದು ಮುಗಿಯುವ ಪ್ರಶ್ನೆಗೆ ನಕಲು ಮಾಡುವುದೇ ಸರಿಯಾದ ಉತ್ತರ.

ಪ್ರಶ್ನೆಯನ್ನು ಸಣ್ಣದು ಮಾಡಿ. 'ಬಂಡೆಗುಡ್ಡದ ಮೇಲಿನ ಕೋಟೆಯಲ್ಲಿ ಅಷ್ಟೊಂದು ಹೊಂಡಗಳನ್ನು ಯಾಕೆ ಕಟ್ಟಿಸಿದರು?' ಎಂದು ಕೇಳಿ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ನೋಡಿದ ಮಗುವಿಗೆ ಹೇಳಲು ಏನಾದರೂ ಇರುತ್ತದೆ, ನೋಡದ ಮಗು ಪಠ್ಯ ಓದಿ ಊಹಿಸಬಹುದು. ಪ್ರಶ್ನೆ ಸರಿಯಾಗಿದೆಯೇ ಎಂದು ನೋಡಲು ಒಂದೇ ಪರೀಕ್ಷೆ ಸಾಕು: ಪುಸ್ತಕದ ಒಂದು ವಾಕ್ಯವನ್ನು ಹಾಗೇ ಎತ್ತಿ ಬರೆದರೆ ಉತ್ತರವಾಗುತ್ತದೆಯೇ? ಆಗುವುದಾದರೆ ಪ್ರಶ್ನೆ ಬದಲಿಸಿ.

ಓದಲು ಎಷ್ಟು ಕೊಡಬೇಕು

ಇಡೀ ಪಾಠ ಬೇಡ. ಆರನೇ ತರಗತಿಗೆ ನೂರು ಪದ, ಏಳಕ್ಕೆ ನೂರೈವತ್ತು, ಎಂಟಕ್ಕೆ ಇನ್ನೂರು ಪದದ ಒಂದು ತುಣುಕು ಸಾಕು. ಪಾಠದಿಂದಲೇ ಆರಿಸಬಹುದು, ನೀವೇ ಬರೆಯಲೂಬಹುದು. ಅಕ್ಷರ ದಪ್ಪಗಿರಲಿ, ಎಡಗಡೆ ಸಾಲಿನ ಸಂಖ್ಯೆ ಇರಲಿ. ಸಂಖ್ಯೆ ಇದ್ದರೆ 'ಸಾರ್, ಅಲ್ಲಿ ಐತೆ' ಎಂದು ಬೆರಳು ತೋರಿಸುವ ಮಗು 'ಐದನೇ ಸಾಲಲ್ಲಿ ಐತೆ' ಎನ್ನಲು ಕಲಿಯುತ್ತದೆ. ಆಧಾರ ಕೊಡುವ ಅಭ್ಯಾಸ ಇಲ್ಲಿಂದಲೇ ಶುರು. ಒಂದು ಎ4 ಹಾಳೆಯಲ್ಲಿ ಎರಡು ಪ್ರತಿ ಹಿಡಿಸುತ್ತವೆ, ಇಬ್ಬರಿಗೆ ಒಂದು ಪ್ರತಿ. ಹಾಗಾಗಿ ನಲವತ್ತು ಮಕ್ಕಳಿಗೆ ಹತ್ತು ಹಾಳೆ ಜೆರಾಕ್ಸ್ ಸಾಕು. ಜೆರಾಕ್ಸ್ ಸೌಲಭ್ಯವಿಲ್ಲದ ಊರಲ್ಲಿ ಬೆಳಗ್ಗೆಯೇ ಬೋರ್ಡಿನ ಅರ್ಧಭಾಗದಲ್ಲಿ ಬರೆದಿಡಿ.

ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಅದೇ ತುಣುಕನ್ನು ಮೂರು ಸಲ ಓದಿಸಿ. ಮೊದಲ ಸಲ ನೀವೇ ಗಟ್ಟಿಯಾಗಿ ಓದಿ. ಎರಡನೇ ಸಲ ಮಕ್ಕಳು ಮೌನವಾಗಿ, ಪೆನ್ಸಿಲ್ ಹಿಡಿದು ಓದಲಿ. ಗೊತ್ತಿಲ್ಲದ ಪದಕ್ಕೆ ಸುತ್ತು, ಉತ್ತರ ಇದೆ ಅನಿಸಿದ ಸಾಲಿಗೆ ಗೆರೆ, ಇನ್ನೇನೂ ಗುರುತು ಬೇಡ. ಮೂರನೇ ಸಲ ಜೋಡಿಯಲ್ಲಿ: ಒಬ್ಬ ಓದುವುದು, ಇನ್ನೊಬ್ಬ ಹಾಳೆ ನೋಡದೆ ಅದನ್ನು ತನ್ನ ಮಾತಲ್ಲಿ ಹೇಳುವುದು.

ಎರಡನೇ ಓದಿನಲ್ಲೇ ಕೆಲಸ ಕೆಡುವುದು ಹೆಚ್ಚು. ಹಾಳೆ ಪೂರ್ತಿ ಗೆರೆ ಎಳೆದು ಕೂತಿರುತ್ತಾರೆ. ಏನನ್ನು ಹುಡುಕಬೇಕೆಂದು ತಿಳಿಯದವನಿಗೆ ಎಲ್ಲ ಸಾಲೂ ಮುಖ್ಯವೇ. ಅದಕ್ಕೇ ಓದುವ ಮೊದಲೇ ಪ್ರಶ್ನೆ ಬೋರ್ಡಿನ ಮೇಲಿರಬೇಕು, ಗೆರೆ ಮೂರು ಸಾಲಿಗೆ ಮಾತ್ರ ಎಂದು ಮಿತಿ ಹಾಕಬೇಕು. ನಾಲ್ಕನೆಯದು ಬೇಕೆಂದರೆ ಒಂದನ್ನು ಅಳಿಸಲಿ. ಯಾವುದನ್ನು ಅಳಿಸಲಿ ಎಂದು ಯೋಚಿಸುವ ಆ ಅರ್ಧ ನಿಮಿಷ ತುಂಬ ಬೆಲೆಯದು.

ಇಡೀ ತರಗತಿಗೆ ರಾಗವಾಗಿ ಒಟ್ಟಿಗೆ ಓದಿಸುವುದನ್ನು ಇಲ್ಲಿ ಬಿಡಿ. ಕಿವಿಗೆ ಚೆನ್ನ, ಆದರೆ ಒತ್ತಕ್ಷರದಲ್ಲಿ ಎಡವುವ ಮಗು ಆ ಗದ್ದಲದಲ್ಲಿ ಅಡಗಿಕೊಳ್ಳುತ್ತದೆ. ಅಂಥವರಿಗೆ ಬೇರೆ ಪಾಠ, ಬೇರೆ ಬೆಂಚು ಬೇಡ. ಅದೇ ಪ್ರಶ್ನೆ ಇರಲಿ, ಮೊದಲ ನಾಲ್ಕು ಸಾಲಷ್ಟೇ ಓದಲಿ, ಜೊತೆಗೆ ಚೆನ್ನಾಗಿ ಓದುವವರನ್ನು ಕೂರಿಸಿ. ಮೊಳಕಾಲ್ಮುರು ಕಡೆ ತೆಲುಗು, ದಾವಣಗೆರೆ ಪೇಟೆಯಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಮನೆಮಾತಿನ ಮಕ್ಕಳಿರುತ್ತಾರೆ. ಮೂರನೇ ಓದಿನಲ್ಲಿ ಅವರು ತಮ್ಮ ಮನೆಮಾತಲ್ಲೇ ಹೇಳಿಕೊಳ್ಳಲಿ, ಬರೆಯುವುದು ಮಾತ್ರ ಕನ್ನಡದಲ್ಲಿ.

ಒಂದು ಮಾದರಿ: ಬ್ರಹ್ಮಗಿರಿ ಶಾಸನ

ಮೊಳಕಾಲ್ಮುರು ತಾಲ್ಲೂಕಿನಲ್ಲೇ ಅಶೋಕನ ಮೂರು ಶಾಸನಗಳಿವೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಓದಿಸಲು ಇದಕ್ಕಿಂತ ಒಳ್ಳೆಯ ತುಣುಕು ಈ ಸೀಮೆಯಲ್ಲಿ ಸಿಗುವುದು ಕಷ್ಟ, ಏಕೆಂದರೆ ಇದರೊಳಗೆ ಹೇಳುವವರು, ಕೇಳುವವರು, ಬರೆದವನು ಮೂವರೂ ಇದ್ದಾರೆ. ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಕ್ಷೇಮ ಕೇಳಿ ರಾಜನ ಮಾತು ತಿಳಿಸುತ್ತಾರೆ. ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಕೊನೆಗೆ ಬರೆದವನ ಹೆಸರು ಚಪಡ.

ಇದನ್ನು ಹತ್ತು ಸಾಲಿನಲ್ಲಿ ಸರಳವಾಗಿ ಬರೆದು ಕೊಟ್ಟು, 'ಈ ಮಾತು ಯಾರಿಂದ ಯಾರಿಗೆ, ಯಾವ ದಾರಿಯಲ್ಲಿ ಬಂತು?' ಎಂದು ಕೇಳಿ. 'ಅಶೋಕನೇ ಬಂದು ಕಲ್ಲಿನಲ್ಲಿ ಕೆತ್ತಿದನು' ಎಂಬ ಉತ್ತರ ಬಂದೇ ಬರುತ್ತದೆ. ತಪ್ಪು ಎಂದು ಗೀಟು ಹಾಕುವ ಬದಲು 'ಯಾವ ಸಾಲಿನಲ್ಲಿದೆ?' ಎಂದು ಅಂಚಿನಲ್ಲಿ ಬರೆಯಿರಿ. ಮಗು ಹಾಳೆಗೆ ಮರಳಿ, ಚಪಡನನ್ನು ಕಂಡುಕೊಳ್ಳುತ್ತದೆ.

ಇನ್ನೊಂದು ಖಾಯಂ ತಪ್ಪು 'ಬ್ರಾಹ್ಮಿ ಭಾಷೆ'. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬೋರ್ಡಿನ ಮೇಲೆ 'ಊಟ ಆಯ್ತಾ' ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಇದು ಯಾವ ಭಾಷೆ ಎಂದು ಕೇಳಿ. ಮನೆಯ ಮೊಬೈಲಿನಲ್ಲಿ ದಿನವೂ ಹೀಗೆ ಬರೆಯುವ ಮಕ್ಕಳಿಗೆ ಲಿಪಿ ಬೇರೆ ಭಾಷೆ ಬೇರೆ ಎಂದು ಮತ್ತೆ ಹೇಳಬೇಕಾಗುವುದಿಲ್ಲ. ಚಪಡ ತನ್ನ 'ಲಿಪಿಕಾರ' ಎಂಬ ಪದವನ್ನು ಮಾತ್ರ, ದೂರದ ವಾಯವ್ಯ ಸೀಮೆಯಲ್ಲಿ ಬಳಕೆಯಲ್ಲಿದ್ದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ ಎಂಬುದನ್ನೂ ಆಗಲೇ ಹೇಳಿ. ಎಂಟನೇ ತರಗತಿಯವರು ಅವನು ಎಲ್ಲಿಯವನಿರಬಹುದು ಎಂದು ತಾವೇ ವಾದಕ್ಕೆ ಇಳಿಯುತ್ತಾರೆ.

ಬರೆಸುವುದು

ತರಗತಿಯಲ್ಲೇ ಬರೆಸಿ. ಮನೆಗೆ ಕೊಟ್ಟ ಬರವಣಿಗೆ ಅಣ್ಣನದೋ ಟ್ಯೂಷನ್ನಿನದೋ ಆಗಿ ಬರುತ್ತದೆ. ಹದಿನೈದು ನಿಮಿಷ, ಒಂದೇ ಪ್ಯಾರಾ, ಐದಾರು ವಾಕ್ಯ. ಎಡ ಪುಟದಲ್ಲಿ ರಫ್, ಬಲ ಪುಟದಲ್ಲಿ ಫೇರ್.

ಪ್ಯಾರಾಕ್ಕೆ ಮೂರು ಕೆಲಸ: ಹೇಳು, ತೋರಿಸು, ಬಿಡಿಸು. ಮೊದಲು ನಿನ್ನ ಮಾತು ಹೇಳು, ಅದಕ್ಕೆ ಆಧಾರ ತೋರಿಸು, ಆ ಆಧಾರದಿಂದ ಈ ಮಾತು ಹೇಗೆ ಬಂತು ಎಂದು ಬಿಡಿಸು. ಹಿರಿಯೂರು ತಾಲ್ಲೂಕಿನ ಮಾರಿಕಣಿವೆ ಜಲಾಶಯದ, ಅಂದರೆ ವಾಣಿವಿಲಾಸ ಸಾಗರದ ಮೇಲೆ ಹೀಗೊಂದು ಮಾದರಿಯನ್ನು ಬೋರ್ಡಿನಲ್ಲಿ ಮಕ್ಕಳ ಜೊತೆಯೇ ಕಟ್ಟಿ:

'ವಾಣಿವಿಲಾಸ ಸಾಗರ ತುಂಬುವುದು ಅಪರೂಪ. 1907ರಲ್ಲಿ ಕಟ್ಟಿ ಮುಗಿದ ಇದು 1933ರಲ್ಲಿ ತುಂಬಿತು, ಮತ್ತೆ ತುಂಬಿದ್ದು 2022ರಲ್ಲಿ. ನಡುವೆ 89 ವರ್ಷ ಕಳೆದವು. ಇದಕ್ಕೆ ನೀರು ತರುವ ವೇದಾವತಿ ಮಳೆಯನ್ನೇ ನಂಬಿದ ನದಿ, ನಮ್ಮ ಸೀಮೆಯಲ್ಲಿ ಮಳೆ ಕಡಿಮೆ. ಜಲಾಶಯ ದೊಡ್ಡದು, ಬರುವ ನೀರು ಸಣ್ಣದು.'

'ಸಾರ್, ಆಮೇಲೂ ತುಂಬಿ ಕೋಡಿ ಬಿತ್ತಲ್ಲ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹೌದು, 2025ರ ಜನವರಿಯಲ್ಲಿ. ಈ ಅಡ್ಡಮಾತನ್ನು ತಳ್ಳಿಹಾಕಬೇಡಿ. ಭದ್ರಾ ನೀರೂ ಈಗ ಇಲ್ಲಿಗೆ ಬರುತ್ತದೆ. ಹಾಗಾದರೆ ಮೊದಲ ವಾಕ್ಯ ಹಾಗೇ ಇರಬಹುದೇ, 'ಅಪರೂಪವಾಗಿತ್ತು' ಎಂದು ತಿದ್ದಬೇಕೇ? ಹೊಸ ಆಧಾರ ಸಿಕ್ಕಾಗ ಹಳೆಯ ಮಾತು ತಿದ್ದುವುದನ್ನು ಮಕ್ಕಳು ಒಮ್ಮೆ ಕಣ್ಣಾರೆ ನೋಡಬೇಕು.

'ಹೇಳು' ಎಲ್ಲರಿಗೂ ಬರುತ್ತದೆ. 'ತೋರಿಸು' ಎರಡು ವಾರದಲ್ಲಿ ಬರುತ್ತದೆ. 'ಬಿಡಿಸು' ಬರಲು ಆರು ತಿಂಗಳು ಬೇಕಾದರೂ ಆಶ್ಚರ್ಯವಿಲ್ಲ. ಮಕ್ಕಳು ಅಲ್ಲಿ ಮೊದಲ ವಾಕ್ಯವನ್ನೇ ಬೇರೆ ಪದದಲ್ಲಿ ಮತ್ತೆ ಬರೆದು ಮುಗಿಸುತ್ತಾರೆ. ಆಗ 'ಯಾಕಂದ್ರೆ' ಎಂಬ ಪದ ಕೊಟ್ಟು ವಾಕ್ಯ ಮುಂದುವರಿಸಲು ಹೇಳಿ.

ರಫ್ ಪುಟದಲ್ಲಿ 'ಕೋಟೆ ಮ್ಯಾಲೆ ನೀರು ಐತೆ' ಎಂದೇ ಇರಲಿ. ಮೊದಲ ಬರವಣಿಗೆಯಲ್ಲೇ ಗ್ರಾಂಥಿಕ ಭಾಷೆ ಬೇಕೆಂದರೆ ಮಗು ತನ್ನ ಯೋಚನೆ ಬಿಟ್ಟು ಪುಸ್ತಕದ ವಾಕ್ಯ ಹುಡುಕುತ್ತದೆ. 'ಮೇಲೆ', 'ಇದೆ' ಎಂದು ತಿದ್ದುವುದು ಫೇರ್ ಪುಟದ ಕೆಲಸ. ನಕಲು ಬಿಡದವರಿಗೆ ಇನ್ನೊಂದು ಉಪಾಯ: ಓದಿ, ಪುಸ್ತಕ ಮುಚ್ಚಿ, ಐದು ನಿಮಿಷ ನೆನಪಿನಿಂದ ಬರೆಸಿ. ಆಮೇಲೆ ಪುಸ್ತಕ ತೆಗೆದು ಹೆಸರು, ಇಸವಿ ಮಾತ್ರ ಸರಿಪಡಿಸಿಕೊಳ್ಳಲಿ.

ಓಬವ್ವನ ಪಾಠಕ್ಕೆ ಬೇರೆ ದಾರಿ ಬೇಕು. ಮಕ್ಕಳು ಸಿನಿಮಾ ದೃಶ್ಯವನ್ನೇ ಇತಿಹಾಸವೆಂದು ಬರೆಯುತ್ತಾರೆ, ಸಂಭಾಷಣೆ ಸಹಿತ. ಪುಟವನ್ನು ಮೂರು ಕಾಲಂ ಮಾಡಿಸಿ: ಕೋಟೆಯಲ್ಲಿ ಕಣ್ಣಿಗೆ ಕಾಣುವುದು, ಪುಸ್ತಕದಲ್ಲಿ ಓದಿದ್ದು, ಜನ ಹೇಳುವುದು. ಕಿಂಡಿ ಮತ್ತು ತಣ್ಣೀರು ದೋಣಿ ಮೊದಲನೆಯದಕ್ಕೆ, ಹೈದರಾಲಿ 1779ರಲ್ಲಿ ದುರ್ಗ ಗೆದ್ದದ್ದು ಎರಡನೆಯದಕ್ಕೆ, ಗಂಡ ಊಟಕ್ಕೆ ಕೂತಿದ್ದ, ಅವಳು ನೀರಿಗೆ ಹೋಗಿದ್ದಳು ಎಂಬುದು ಮೂರನೆಯದಕ್ಕೆ. ಮೂರನೇ ಕಾಲಂ ಸುಳ್ಳಿನ ಕಾಲಂ ಅಲ್ಲ ಎಂದು ಮೊದಲೇ ಹೇಳಿಬಿಡಿ. ಇಲ್ಲವಾದರೆ ಸಂಜೆಯೊಳಗೆ 'ಓಬವ್ವ ಸುಳ್ಳಂತೆ' ಎಂಬ ಸುದ್ದಿ ಊರು ಸುತ್ತಿ, ಮರುದಿನ ಪೋಷಕರು ಸ್ಟಾಫ್ ರೂಮಿಗೆ ಬಂದಿರುತ್ತಾರೆ.

ಮನೆಗೆ ಕೊಡಬಹುದಾದದ್ದು

ಮನೆಗೆ ಒಂದನ್ನೇ ಕೊಡಿ: ಹಿರಿಯರನ್ನು ಕೇಳಿ ಬರೆಯುವುದು. ದಾವಣಗೆರೆಯ ಮಕ್ಕಳಿಗೆ ಹತ್ತಿಮಿಲ್ಲುಗಳ ಕಾಲಕ್ಕಿಂತ ಒಳ್ಳೆಯ ವಿಷಯವಿಲ್ಲ. ಶನಿವಾರ ಕೊಟ್ಟು ಸೋಮವಾರ ನೋಡಿ. ಐದು ಪ್ರಶ್ನೆಗಳನ್ನು ತರಗತಿಯಲ್ಲೇ ತಯಾರಿಸಿ ಕಳಿಸಿ. 'ಆಗಿನ ಕಾಲ ಹೇಗಿತ್ತಜ್ಜ?' ಎಂದರೆ 'ಚೆನ್ನಾಗಿತ್ತು ಕಣಪ್ಪ' ಎಂಬಲ್ಲಿಗೆ ಮುಗಿಯಿತು. 'ಅಜ್ಜ, ಶಿಫ್ಟ್ ಎಷ್ಟು ಗಂಟೆಗೆ ಶುರುವಾಗ್ತಿತ್ತು? ಬುತ್ತಿ ಯಾರು ಕಟ್ಟಿಕೊಡ್ತಿದ್ರು? ಮೊದಲ ಸಂಬಳ ಎಷ್ಟು?' ಎಂದರೆ ಮಾತು ಬರುತ್ತದೆ. ಹಿರಿಯರು ಇಸವಿ ಹೇಳುವುದಿಲ್ಲ, 'ನಿಮ್ಮಪ್ಪ ಹುಟ್ಟಿದ ವರ್ಷ' ಎನ್ನುತ್ತಾರೆ. ಅದನ್ನು ಹಾಗೇ ಬರೆದುಕೊಂಡು, ಪಕ್ಕದಲ್ಲಿ ಲೆಕ್ಕ ಹಾಕಿದ ಇಸವಿ ಬರೆಯಲಿ. ಹಾಸ್ಟೆಲಿನ ಮಕ್ಕಳಿಗೆ ಅಜ್ಜಿ ತಾತ ಸಿಗುವುದಿಲ್ಲ. ಅವರು ಬಿಸಿಯೂಟದ ಅಡುಗೆಯವರನ್ನು ಕೇಳಲಿ.

ತಿದ್ದುವುದು

ಒಂದು ಪುಸ್ತಕಕ್ಕೆ ಎರಡು ನಿಮಿಷ, ನಲವತ್ತಕ್ಕೆ ಎಂಬತ್ತು ನಿಮಿಷ. ಇದಕ್ಕಿಂತ ಹೆಚ್ಚು ಸಮಯ ಹಿಡಿಯುವ ತಿದ್ದುವಿಕೆ ಆಗಸ್ಟ್ ಹೊತ್ತಿಗೆ ನಿಂತುಹೋಗುತ್ತದೆ. ಹತ್ತು ಅಂಕವನ್ನು ಹೀಗೆ ಹಂಚಿ: ಆಧಾರಕ್ಕೆ ನಾಲ್ಕು, ಬಿಡಿಸಿದ್ದಕ್ಕೆ ಮೂರು, ಸ್ವಂತ ವಾಕ್ಯಕ್ಕೆ ಎರಡು, ಕಾಗುಣಿತಕ್ಕೆ ಒಂದು. ಸ್ಕೆಚ್ ಪೆನ್ನಿನ ಬಾರ್ಡರಿಗೆ ಸೊನ್ನೆ. ಈ ಪಟ್ಟಿ ಬರೆಯುವ ಮೊದಲೇ ಗೋಡೆಯ ಮೇಲಿರಲಿ.

ಕಾಗುಣಿತದಲ್ಲಿ ಒಂದು ಪುಟಕ್ಕೆ ಮೂರು ತಪ್ಪು ಮಾತ್ರ ಗುರುತಿಸಿ. ಪುಟವೆಲ್ಲ ಕೆಂಪಾದರೆ ಮಗು ಅಂಕ ನೋಡಿ ಪುಸ್ತಕ ಮುಚ್ಚುತ್ತದೆ. ಮೂರು ದಿನದೊಳಗೆ ಪುಸ್ತಕ ಹಿಂತಿರುಗಿಸಿ, ಅಷ್ಟರಲ್ಲಿ ಬರೆದದ್ದು ಇನ್ನೂ ನೆನಪಿನಲ್ಲಿರುತ್ತದೆ. ಇಡೀ ಪ್ಯಾರಾ ಮತ್ತೆ ಬರೆಸಬೇಡಿ. ಅದು ಶಿಕ್ಷೆಯಂತೆ ಕಾಣುತ್ತದೆ, ತಪ್ಪೂ ಮತ್ತೆ ನಕಲಾಗುತ್ತದೆ. ಸೋತ ಒಂದು ವಾಕ್ಯಕ್ಕೆ ಬಾಣದ ಗುರುತು ಹಾಕಿ, ಅದನ್ನಷ್ಟೇ ಕೆಳಗೆ ಹೊಸದಾಗಿ ಬರೆಸಿ, ಮುಂದಿನ ಸಲ ಪುಸ್ತಕ ಬಂದಾಗ ಮೊದಲು ಆ ವಾಕ್ಯ ನೋಡಿ.