‘ಬೇಸಿಕ್‌ನಿಂದ ಹೇಳಿಕೊಡಿ’ ಅಂದವರಿಗೆ ಏನು ಹೇಳಿಕೊಡಬೇಕು?

ಹಾಡು ಕಲಿಯಲು ಬರುವ ದೊಡ್ಡವರು ಮೊದಲ ದಿನ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ಬೇಸಿಕ್‌ನಿಂದ ಹೇಳಿಕೊಡಿ.’ ನಾವು ಕಲಿಸುವವರೂ ಅದನ್ನು ಹಾಗೇ ನಂಬಿ ಎಲ್ಲರಿಗೂ ಒಂದೇ ಪಾಠ ಶುರು ಮಾಡುತ್ತೇವೆ. ನಾನೂ ಮಾಡಿದ್ದೇನೆ. ಒಬ್ಬರಿಗೆ ಎಂಟು ತಿಂಗಳು ಸರಳೆ ವರಸೆ, ಜಂಟಿ ವರಸೆ ಎಂಬ ಆರಂಭದ ಸ್ವರಾಭ್ಯಾಸ ಹೇಳಿಕೊಟ್ಟೆ. ಒಂದು ದಿನ ಅವರು ಬರುವುದನ್ನೇ ನಿಲ್ಲಿಸಿದರು. ಅವರಿಗೆ ಬೇಕಾಗಿದ್ದದ್ದು ಬೇರೆಯೇ ಎಂದು ಆಮೇಲೆ ಗೊತ್ತಾಯಿತು. ಗುಂಪಿನಲ್ಲಿ ಹಾಡುವಾಗ ಬೇರೆಯವರು ಎತ್ತಿಕೊಂಡ ಶ್ರುತಿ (ಹಾಡಿನ ಆಧಾರ ಸ್ವರ) ಅವರಿಗೆ ಸಿಗುತ್ತಿರಲಿಲ್ಲ. ಅಷ್ಟನ್ನೇ ಸರಿ ಮಾಡಿಕೊಳ್ಳಬೇಕಿತ್ತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಆಮೇಲಿಂದ ನಾನು ಪಾಠ ಹೊಂದಿಸುವ ರೀತಿ ಇದು. ಹಾಡು ಕಲಿಸುವವರಿಗೂ ಕಲಿಯುವವರಿಗೂ ಉಪಯೋಗಕ್ಕೆ ಬರುತ್ತದೆ.

ಹಂತ 1: ಮೊದಲ ದಿನ ಪಾಠ ಬೇಡ, ಮಾತು ಸಾಕು

ಎಲ್ಲರೂ ಎಡವುವುದು ಇಲ್ಲೇ. ‘ನಿಮ್ಮ ಗುರಿ ಏನು?’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ ದೊಡ್ಡ ಉತ್ತರ ಹುಡುಕುತ್ತಾರೆ. ಇಲ್ಲವೇ ‘ಸುಮ್ನೆ, ಆಸಕ್ತಿಗೆ’ ಎನ್ನುತ್ತಾರೆ. ನಾನು ಕೇಳುವುದು ಮೂರು ಪ್ರಶ್ನೆ. ಯಾವ ಹಾಡು ಕೇಳಿದಾಗ ‘ಇದನ್ನು ನಾನೂ ಹಾಡಬೇಕು’ ಅನ್ನಿಸಿತು? ಅದನ್ನು ಎಲ್ಲಿ, ಯಾರ ಎದುರು ಹಾಡುತ್ತೀರಿ? ಹಾಡುತ್ತಾ ಹೋದರೆ ಎಲ್ಲಿ ನಿಲ್ಲಿಸಿಬಿಡುತ್ತೀರಿ?

ಮೂರನೆಯದೇ ಮುಖ್ಯ. ಬಹಳ ಜನ ಅದಕ್ಕೆ ಬಾಯಲ್ಲಿ ಉತ್ತರ ಹೇಳಲಾರರು. ಹಾಡಿಸಿ ನೋಡಬೇಕು. ಹಾಡುವಾಗ ನೀವು ತಿದ್ದಬೇಡಿ, ಜೊತೆಗೆ ದನಿ ಸೇರಿಸಬೇಡಿ, ತಲೆ ಕೂಡ ಆಡಿಸಬೇಡಿ. ಒಬ್ಬರು ಮೇಲಿನ ಸ್ವರ ಬಂದ ಕೂಡಲೇ ನಗುತ್ತಾರೆ. ಇನ್ನೊಬ್ಬರು ಪಲ್ಲವಿ ಮುಗಿಸಿ ‘ಮುಂದೆ ಮರೆತುಹೋಗಿದೆ’ ಎನ್ನುತ್ತಾರೆ. ಮತ್ತೊಬ್ಬರಿಗೆ ಸಾಲಿನ ಅರ್ಧಕ್ಕೇ ಉಸಿರು ಮುಗಿಯುತ್ತದೆ. ಮೂವರೂ ‘ಬೇಸಿಕ್’ ಕೇಳಿದವರೇ. ಆದರೆ ಮೂವರ ಪಾಠ ಒಂದೇ ಆಗಲು ಸಾಧ್ಯವೇ ಇಲ್ಲ, ಅಲ್ವಾ?

ಮಕ್ಕಳಾದರೆ ಉತ್ತರ ಅಪ್ಪ ಅಮ್ಮನಿಂದ ಬರುತ್ತದೆ. ಅದನ್ನೂ ಬರೆದುಕೊಳ್ಳಿ. ಆಮೇಲೆ ಅವರನ್ನು ಸ್ವಲ್ಪ ಹಿಂದೆ ಕೂರಿಸಿ ಮಗುವಿನ ಜೊತೆ ಮಾತಾಡಿ. ಮನೆಯವರಿಗೆ ಪರೀಕ್ಷೆ ಮುಖ್ಯ, ಮಗುವಿನ ಬೆರಳು ಮೇಜಿನ ಮೇಲೆ ತಾಳ ಬಾರಿಸುತ್ತಿರುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಪರೀಕ್ಷೆಯ ಪಾಠ ನಡೆಯಲಿ, ಆದರೆ ಪ್ರತಿ ತರಗತಿಯ ಕೊನೆಯ ಹತ್ತು ನಿಮಿಷ ಆ ಬೆರಳುಗಳಿಗೆ ಕೊಡಿ. ಇದರಲ್ಲಿ ರಾಜಿ ಬೇಡ. ಆ ಹತ್ತು ನಿಮಿಷಕ್ಕಾಗಿಯೇ ಮಗು ಮುಂದಿನ ವಾರ ಬರುತ್ತದೆ.

ಹಂತ 2: ಗುರಿಯನ್ನು ಒಂದು ಸಾಲಿಗೆ ಇಳಿಸಿ

‘ಚೆನ್ನಾಗಿ ಹಾಡಬೇಕು’ ಎನ್ನುವುದು ಗುರಿ ಅಲ್ಲ. ‘ಆರು ವಾರದಲ್ಲಿ ಈ ಹಾಡಿನ ಚರಣವನ್ನು ಉಸಿರು ಮುರಿಯದೆ ಹಾಡುವುದು’ ಎನ್ನುವುದು ಗುರಿ. ಆರು ವಾರಕ್ಕಿಂತ ದೂರದ್ದನ್ನು ಬರೆಯಬೇಡಿ.

ಹಂತ 3: ಶ್ರುತಿಯನ್ನು ದನಿ ನೋಡಿ ಆರಿಸಿ

ಗಂಡಸರಿಗೆ 1 ಮನೆ, ಹೆಂಗಸರಿಗೆ 5 ಮನೆ (ಹಾರ್ಮೋನಿಯಂನ ಒಂದನೇ, ಐದನೇ ಬಿಳಿ ಕೀಲಿ) ಎಂದು ರೂಢಿಯ ಮೇಲೆ ಶ್ರುತಿ ಇಡುವವರನ್ನು ನೋಡಿದ್ದೇನೆ. ಅಂಗಿಯನ್ನು ಅಳತೆ ತೆಗೆಯದೆ ಹೊಲಿದ ಹಾಗೆ ಅದು. ಮೊದಲು ವಿದ್ಯಾರ್ಥಿಯನ್ನು ಮಾಮೂಲಿ ದನಿಯಲ್ಲಿ ಒಂದರಿಂದ ಹತ್ತು ಎಣಿಸಲು ಹೇಳಿ. ಆ ದನಿ ಹಾರ್ಮೋನಿಯಂನ ಯಾವ ಮನೆಯ ಹತ್ತಿರ ಇದೆ ನೋಡಿ. ಅಲ್ಲಿಂದ ‘ಊ’ ಎನ್ನಿಸುತ್ತಾ ಕಪ್ಪು, ಬಿಳಿ ಬಿಡದೆ ಒಂದೊಂದೇ ಮನೆ ಮೇಲೆ ಹೋಗಿ. ಆಮೇಲೆ ಕೆಳಗೆ. ದನಿ ಪೂರ್ತಿ ನಿಲ್ಲುವ ಜಾಗ ಬೇಡ. ಗದ್ದ ಮೇಲೇಳುವ, ಕತ್ತು ಬಿಗಿಯುವ ಜಾಗ ಬೇಕು. ಎರಡೂ ತುದಿ ಬರೆದುಕೊಂಡು ನಡುವಿನ ಮನೆಗಳನ್ನು ಎಣಿಸಿ.

ಈಗ ಹಾಡನ್ನೂ ಎಣಿಸಿ. ಮಧ್ಯ ಸ್ಥಾಯಿಯ ಷಡ್ಜದಿಂದ (ನಡುವಿನ ‘ಸ’) ತಾರ ಸ್ಥಾಯಿಯ ಪಂಚಮಕ್ಕೆ (ಮೇಲಿನ ‘ಪ’) ಹೋಗುವ ಹಾಡಾದರೆ ಅದು ಕಪ್ಪು, ಬಿಳಿ ಸೇರಿ 19 ಮನೆಗಳ ಏರಿಕೆ. ವಿದ್ಯಾರ್ಥಿಗೆ ಹಿತವಾಗಿ ಬರುವುದು 15 ಇದ್ದರೆ ಯಾವ ಶ್ರುತಿ ಇಟ್ಟರೂ ಒಂದು ತುದಿ ಕೈಕೊಡುತ್ತದೆ. ಆಗ ಬೇರೆ ಹಾಡು ಆರಿಸಬೇಕು, ಇಲ್ಲವೇ ದನಿಯ ಹರವು ಬೆಳೆಸುವುದೇ ಗುರಿಯಾಗಬೇಕು. ಇದನ್ನು ಮೊದಲೇ ಹೇಳಿಬಿಡಿ. ‘ಅಭ್ಯಾಸ ಮಾಡಿದರೆ ಬರುತ್ತೆ’ ಎಂದು ತಿಂಗಳುಗಟ್ಟಲೆ ಕಿರುಚಿಸಬೇಡಿ. ಮೂಲ ಗಾಯಕರ ಶ್ರುತಿಯಲ್ಲೇ ಹಾಡಬೇಕೆಂಬ ನಿಯಮವೂ ಇಲ್ಲ. ಕೀಬೋರ್ಡ್‌ನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಇರುವುದು ಶ್ರುತಿಯನ್ನು ಹೀಗೆ ಮೇಲೆ ಕೆಳಗೆ ಸರಿಸಲಿಕ್ಕೇ.

ದನಿ ಒಡೆಯುತ್ತಿರುವ ಹುಡುಗರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಸಾಮಾನ್ಯವಾಗಿ 12ರಿಂದ 15 ವಯಸ್ಸಿನ ನಡುವೆ ಧ್ವನಿತಂತುಗಳು ಉದ್ದ, ದಪ್ಪ ಆಗುತ್ತವೆ. ದನಿ ಸುಮಾರು ಒಂದು ಸ್ಥಾಯಿ (ಒಂದು ‘ಸ’ದಿಂದ ಮುಂದಿನ ‘ಸ’ದಷ್ಟು ದೂರ) ಕೆಳಗಿಳಿಯುತ್ತದೆ. ಹೋದ ತಿಂಗಳು ಬಂದ ಸ್ವರ ಈ ತಿಂಗಳು ಬರದಿದ್ದರೆ ಅದು ಸೋಮಾರಿತನ ಅಲ್ಲ. ಆಗ ಕಡಿಮೆ ಹರವಿನ ಹಾಡು ಕೊಡಿ, ಲಯ ಕಲಿಸಿ, ಒಂದು ವಾದ್ಯ ಕೈಗೆ ಕೊಡಿ. ‘ನಿನ್ನ ದನಿ ಹೋಯಿತು’ ಎಂದು ಮಾತ್ರ ಯಾರೂ ಹೇಳಬಾರದು. ಆ ಮಾತು ಕೇಳಿ ಹಾಡುವುದನ್ನೇ ಬಿಟ್ಟವರು ದೊಡ್ಡವರಾದ ಮೇಲೆ ನನ್ನ ಹತ್ತಿರ ಬಂದಿದ್ದಾರೆ.

ಹಂತ 4: ಅಭ್ಯಾಸವನ್ನು ಹಾಡಿನೊಳಗಿಂದಲೇ ತೆಗೆಯಿರಿ

ಉಸಿರು ಸಾಲದವರನ್ನೇ ತೆಗೆದುಕೊಳ್ಳಿ. ‘ಜಾಸ್ತಿ ಗಾಳಿ ಎಳೆದುಕೊಳ್ಳಿ’ ಎಂದು ಹೇಳುವುದು ಸುಲಭ, ಆದರೆ ಮೊದಲು ಕಾರಣ ನೋಡಬೇಕು. ಆ ಸಾಲು ಹಾಡಲು ಎಷ್ಟು ಸೆಕೆಂಡ್ ಬೇಕೋ ಅಷ್ಟು ಹೊತ್ತು ಒಂದೇ ಉಸಿರಿನಲ್ಲಿ ‘ಸ್ಸ್ಸ್’ ಎನ್ನಿಸಿ. ಅಷ್ಟು ಬಂದರೆ ಗಾಳಿ ಸಾಕಷ್ಟಿದೆ, ಹಾಡುವಾಗ ದನಿಯ ಜೊತೆ ಸೋರಿಹೋಗುತ್ತಿದೆ ಎಂದರ್ಥ. ಸಾಮಾನ್ಯವಾಗಿ ಮೊದಲ ಪದದಲ್ಲೇ ಅರ್ಧ ಖಾಲಿಯಾಗಿರುತ್ತದೆ.

ಸೋರಿಕೆಗೆ ನಾನು ಮಾಡಿಸುವುದು ಹೀಗೆ. ಲೋಟದಲ್ಲಿ ನೀರು, ಅದರಲ್ಲಿ ಒಂದು ಸ್ಟ್ರಾ ಎರಡು ಸೆಂಟಿಮೀಟರಿನಷ್ಟು ಮುಳುಗಿರಲಿ. ಸ್ಟ್ರಾದೊಳಗೆ ಆ ಸಾಲಿನ ರಾಗವನ್ನು ದನಿ ಸೇರಿಸಿ ಊದಬೇಕು. ಗುಳ್ಳೆ ಒಂದೇ ಸಮ ಬರಬೇಕು. ಬಾಯಿಯ ಕಡೆಯಿಂದ ಸ್ವಲ್ಪ ತಡೆ ಸಿಗುವುದರಿಂದ ಧ್ವನಿತಂತುಗಳು ಜೋರಾಗಿ ಬಡಿದುಕೊಳ್ಳದೆ ಕಂಪಿಸುತ್ತವೆ. ಆಮೇಲೆ ಅದೇ ರಾಗ ತುಟಿ ‘ಬುರ್ರ್’ ಎನ್ನಿಸುತ್ತಾ. ಆಮೇಲೆ ‘ವೂ’ ಎಂದು. ಕೊನೆಗೆ ಮಾತು ಸೇರಿಸಿ. ಒಂದು ಮೆಟ್ಟಿಲಲ್ಲಿ ಕೆಟ್ಟರೆ ಹಿಂದಿನ ಮೆಟ್ಟಿಲಿಗೆ ವಾಪಸ್.

ಕೀಬೋರ್ಡ್ ನುಡಿಸುತ್ತಾ ಹಾಡಬೇಕು ಎನ್ನುವವರಿಗೆ ದಾರಿ ಬೇರೆ. ಮೊದಲು ಕೈ ಮಾತ್ರ. ಕೈ ನಡೆಯುತ್ತಿರುವಾಗ ಬಾಯಲ್ಲಿ ಎಣಿಕೆ. ಆಮೇಲೆ ಗುನುಗು. ಕೊನೆಗೆ ಮಾತು. ಕೈ ಎಡವಿದರೆ ಹಾಡು ನಿಲ್ಲಬೇಕು, ಕೈ ನಿಲ್ಲಬಾರದು. ಇನ್ನು ದಿನವಿಡೀ ಪಾಠ ಮಾಡಿ ಸಂಜೆಗೆ ದನಿ ಕೂರುವ ಶಾಲಾ ಶಿಕ್ಷಕರಿಗೆ ಹಾಡೇ ಬೇಕಾಗದಿರಬಹುದು. ಅವರಿಗೆ ಇದೇ ಸ್ಟ್ರಾ ಅಭ್ಯಾಸವನ್ನು ತರಗತಿಗಳ ನಡುವೆ ಎರಡೆರಡು ನಿಮಿಷ ಕೊಡಿ. ಪಿಸುಮಾತಾಡಿ ದನಿ ಉಳಿಸಲು ನೋಡುತ್ತಾರೆ, ಅದು ಬೇಡ. ಪಿಸುಗುಡುವಾಗಲೂ ಗಂಟಲು ಬಿಗಿಯುತ್ತದೆ. ಸುಮ್ಮನಿರುವುದೇ ನಿಜವಾದ ವಿಶ್ರಾಂತಿ. ಮೂರು ವಾರ ದಾಟಿದರೂ ದನಿ ಗೊಗ್ಗರಾಗಿಯೇ ಇದ್ದರೆ ಪಾಠ ನಿಲ್ಲಿಸಿ ಕಿವಿ, ಮೂಗು, ಗಂಟಲಿನ ವೈದ್ಯರ ಹತ್ತಿರ ಕಳಿಸಿ.

ಇಲ್ಲೇ ಕೆಲವು ವಸ್ತುಗಳ ಬಗ್ಗೆ ಹೇಳಿಬಿಡುತ್ತೇನೆ. ಗಂಟಲು ತಂಪು ಮಾಡುವ ಮೆಂಥಾಲ್ ಗುಳಿಗೆ ಚೀಪಿಕೊಂಡು ಹಾಡಬೇಡಿ. ನೋವು ಗೊತ್ತಾಗದೆ ಇನ್ನಷ್ಟು ಒತ್ತುತ್ತೀರಿ. ಹಾಡಿಗೆ ಅಂಕ ಕೊಡುವ ಆ್ಯಪ್‌ಗಳೂ ಬೇಡ. ದನಿ ಒಂದು ಸ್ವರದ ಮೇಲೆ ಗೆರೆ ಹೊಡೆದಂತೆ ನಿಂತಿದೆಯೇ ಎಂದಷ್ಟೇ ಅಳೆಯುವ ಆ್ಯಪ್ ಗಮಕವನ್ನೂ (ಸ್ವರವನ್ನು ಬೇಕೆಂದೇ ಅಲುಗಿಸಿ ಹಾಡುವುದನ್ನೂ) ತಪ್ಪೆಂದು ಎಣಿಸುತ್ತದೆ. ಫೋನಿನಲ್ಲಿ ತಂಬೂರಿ ಹಾಕಿಕೊಳ್ಳುವುದು ಪರವಾಗಿಲ್ಲ, ಆದರೆ ಒಂದು ಸ್ಪೀಕರ್‌ಗೆ ಜೋಡಿಸಿ. ಫೋನಿನ ಸಣ್ಣ ಸ್ಪೀಕರಿನಲ್ಲಿ ಮಂದ್ರದ (ಕೆಳಗಿನ ಸ್ವರದ) ನಾದ ಸರಿಯಾಗಿ ಕೇಳುವುದೇ ಇಲ್ಲ. ಹಾಡುವ ಮುನ್ನ ಗಟಗಟ ನೀರು ಕುಡಿದರೆ ಆ ನೀರು ಧ್ವನಿತಂತುಗಳನ್ನು ಮುಟ್ಟುವುದಿಲ್ಲ, ಅನ್ನನಾಳಕ್ಕೆ ಹೋಗುತ್ತದೆ. ಅದರ ಬದಲು ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯಿರಿ.

ಹಂತ 5: ಸಮಯ ಹಂಚಿ

45 ನಿಮಿಷದ ತರಗತಿಯಲ್ಲಿ 5 ನಿಮಿಷ ದನಿ ಬಿಡಿಸಲು, 20 ನಿಮಿಷ ಹಾಡು ನಿಂತುಹೋಗುವ ಆ ಜಾಗಕ್ಕೆ, 12 ನಿಮಿಷ ಪೂರ್ತಿ ಹಾಡಿಗೆ, ಉಳಿದ 8 ನಿಮಿಷ ಮನೆ ಅಭ್ಯಾಸವನ್ನು ನಿಮ್ಮ ಎದುರೇ ಒಮ್ಮೆ ಮಾಡಿಸಲು. ಮಕ್ಕಳ ಆ ಹತ್ತು ನಿಮಿಷವನ್ನು ನಡುವಿನ 20ರಿಂದ ತೆಗೆಯಿರಿ. ಮನೆಯಲ್ಲಿ ದಿನಕ್ಕೆ 15 ನಿಮಿಷ ಸಾಕು. ವಾರವೆಲ್ಲ ಬಿಟ್ಟು ಭಾನುವಾರ ಎರಡು ಗಂಟೆ ಕೂರುವುದು ಬೇಡ.

ಹಂತ 6: ಆರನೇ ವಾರ ಹಳೆಯದನ್ನು ಕೇಳಿಸಿ

ಇದಕ್ಕಾಗಿ ಮೊದಲ ದಿನದ ಹಾಡನ್ನು ರೆಕಾರ್ಡ್ ಮಾಡಿ ಇಟ್ಟಿರಬೇಕು. ಆರನೇ ವಾರ ಅದೇ ಸಾಲನ್ನು ಮತ್ತೆ ಹಾಡಿಸಿ ಎರಡನ್ನೂ ಒಂದರ ಹಿಂದೆ ಒಂದು ಕೇಳಿಸಿ. ನೀವು ಏನೂ ಹೇಳಬೇಡಿ, ಮೊದಲು ವಿದ್ಯಾರ್ಥಿ ಮಾತಾಡಲಿ. ಆಮೇಲೆ ಮೊದಲ ದಿನದ ಮೂರು ಪ್ರಶ್ನೆಗಳನ್ನೇ ಇನ್ನೊಮ್ಮೆ ಕೇಳಿ. ಉತ್ತರ ಬದಲಾಗಿದ್ದರೆ ಹಳೆಯ ಸಾಲಿಗೆ ಗೆರೆ ಎಳೆದು ಕೆಳಗೆ ಹೊಸದನ್ನು ಬರೆಯಿರಿ, ಪಕ್ಕದಲ್ಲಿ ತಾರೀಖು ಹಾಕಿ. ಮುಂದಿನ ವಾರದ ಪಾಠ ಆ ಹೊಸ ಸಾಲಿನಿಂದ ಶುರು.